ಕೆಲಸ ಕಳೆದುಕೊಂಡ ತರುಣರಿಗೆ ವಿಜ್ಞಾನವೇನು ಹೇಳುತ್ತದೆ?

2023ರ ಫೆಬ್ರವರಿಯ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಅವನಿಗೆ ಉದ್ಯೋಗ ದೊರೆತು ಹದಿನಾಲ್ಕು ತಿಂಗಳಾಗಿತ್ತು. ಹಿಂದಿನ ವಾರ ಬಂದ ಒಂದು ಇ-ಮೇಲ್‌ನಿಂದ ಅದು ಹೋಗಿತ್ತು. ತಂದೆತಾಯಿಗಳಿಗೆ ಅವನಿನ್ನೂ ತಿಳಿಸಿರಲಿಲ್ಲ. ಎಂದಿನಂತೆ ಬೆಳಗ್ಗೆ ಚೀಲ ಹೊತ್ತು ಹೊರಟು, ಕಬ್ಬನ್ ಪಾರ್ಕಿನಲ್ಲಿ ಕುಳಿತು, ಸಂಜೆ ಮನೆಗೆ ಮರಳುತ್ತಿದ್ದನು. "ಸರ್, ನನ್ನಲ್ಲಿ ಯಾವ ಕೊರತೆಯಿತ್ತು? ನೀವಾದರೂ ಹೇಳಿ" ಎಂದು ಕೇಳಿದನು.

ಇದಕ್ಕೆ ಉತ್ತರ ಹುಡುಕಲು ಸ್ನಾನದ ಮನೆಯ ನಲ್ಲಿಯನ್ನು ನೆನೆಯೋಣ. ನೀರು ಕಾಯುವ ಸ್ಥಳ ದೂರದಲ್ಲಿದ್ದರೆ, ನಲ್ಲಿ ತಿರುಗಿಸಿದೊಡನೆ ಬಿಸಿನೀರು ಬಾರದು. ತಣ್ಣೀರನ್ನೇ ಕಂಡು ನಾವು ನಲ್ಲಿಯನ್ನು ಇನ್ನಷ್ಟು ತಿರುಗಿಸುತ್ತೇವೆ. ತುಸು ಹೊತ್ತಿನಲ್ಲಿ ಮೈಸುಡುವ ನೀರು ಬರುತ್ತದೆ. ಗಾಬರಿಯಿಂದ ಪೂರ್ತಿ ಮುಚ್ಚುತ್ತೇವೆ, ಮತ್ತೆ ತಣ್ಣೀರು! ಇಲ್ಲಿ ನೀರಿನ ದೋಷವೇನೂ ಇಲ್ಲ. ಕ್ರಿಯೆಗೂ ಫಲಕ್ಕೂ ನಡುವಣ ವಿಳಂಬವೇ ಈ ಆಂದೋಲನಕ್ಕೆ ಕಾರಣ.

ತಂತ್ರಜ್ಞಾನದ ಉದ್ಯಮದಲ್ಲಿ ನಡೆದುದೂ ಬಹುಮಟ್ಟಿಗೆ ಹೀಗೆಯೇ. 2020ರಲ್ಲಿ ಕೋವಿಡ್ ಪಿಡುಗು ಹಬ್ಬಿದಾಗ ವ್ಯಾಪಾರ, ಪಾಠ, ಮನರಂಜನೆಗಳು ಅಂತರಜಾಲವನ್ನು ಆಶ್ರಯಿಸಿದವು. ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿಯ ದರವನ್ನು ಸೊನ್ನೆಯ ಸಮೀಪಕ್ಕೆ ಇಳಿಸಿದುದರಿಂದ ಬಂಡವಾಳವೂ ಅಗ್ಗವಾಯಿತು. ಈ ಬೇಡಿಕೆ ಶಾಶ್ವತವೆಂದೆಣಿಸಿ ಸಂಸ್ಥೆಗಳು ಸಾವಿರಾರು ಜನರನ್ನು ನೇಮಿಸಿಕೊಂಡವು. 2022ರ ಮಾರ್ಚ್‌ನಿಂದ ಬಡ್ಡಿ ಏರತೊಡಗಿತು. ಬೇಡಿಕೆಯ ಭರವೂ ತಗ್ಗಿತು. ಆಗ ನಲ್ಲಿಯನ್ನು ಒಮ್ಮೆಗೇ ಮುಚ್ಚಿದರು. ಆ ವರ್ಷದ ನವೆಂಬರಿನಲ್ಲಿ ಮೆಟಾ 11,000, ಮರು ಜನವರಿಯಲ್ಲಿ ಮೈಕ್ರೋಸಾಫ್ಟ್ 10,000, ಗೂಗಲಿನ ಮಾತೃಸಂಸ್ಥೆ ಆಲ್ಫಬೆಟ್ 12,000 ಉದ್ಯೋಗಗಳ ಕಡಿತವನ್ನು ಸಾರಿದವು. ಇಷ್ಟು ಜನರ ಯೋಗ್ಯತೆ ಒಂದೇ ಚಳಿಗಾಲದಲ್ಲಿ ಕುಂದಿತೆಂದು ನಂಬಲಾದೀತೆ?

ಆದರೆ ಕಾರಣ ತಿಳಿದ ಮಾತ್ರಕ್ಕೆ ನೋವು ಹೋಗದು. ಆಸ್ಟ್ರಿಯ ದೇಶದ ವಿಯೆನ್ನಾ ನಗರದ ಬಳಿ ಮರಿಯೆಂಟಾಲ್ ಎಂಬ ಊರಿದೆ. ಊರಿಗೆಲ್ಲ ಅನ್ನವಿತ್ತಿದ್ದ ಬಟ್ಟೆಯ ಗಿರಣಿಯು ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಮುಚ್ಚಿತು. ಮೇರಿ ಯಹೋಡಾ ಮತ್ತು ಸಂಗಡಿಗರು ಅಲ್ಲಿಯ ಜೀವನವನ್ನು ಪರಿಶೀಲಿಸಿ 1933ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬಿಡುವು ಬೇಕಾದಷ್ಟಿದ್ದರೂ ಜನರು ಗ್ರಂಥಾಲಯದಿಂದ ಪುಸ್ತಕಗಳನ್ನು ಒಯ್ಯುವುದು ಕಡಮೆಯಾಗಿತ್ತು. ಗಂಡಸರ ನಡಿಗೆಯೇ ನಿಧಾನವಾಗಿತ್ತು. ದಿನವನ್ನು ಹೇಗೆ ಕಳೆದೆವೆಂದು ಹೇಳಲೂ ಅವರಿಗೆ ಆಗುತ್ತಿರಲಿಲ್ಲ. ಉದ್ಯೋಗವು ನಮಗೆ ಸಂಬಳದೊಡನೆ ಕಾಲದ ಕಟ್ಟುಪಾಡು, ಜನರ ಒಡನಾಟ, ಸ್ಥಾನಮಾನ, ಸಮಾನ ಉದ್ದೇಶ ಇವನ್ನೂ ಕೊಡುತ್ತದೆಂದು ಯಹೋಡಾ ಮುಂದೆ ವಿವರಿಸಿದರು. ಕೆಲಸ ಹೋದಾಗ ಇವೆಲ್ಲವೂ ಒಟ್ಟಿಗೆ ಕಳಚುತ್ತವೆ.

ಆದುದರಿಂದ ನನ್ನ ಶಿಷ್ಯನಿಗೆ ಹೇಳಿದೆ: "ಮೊದಲು ತಂದೆಗೆ ತಿಳಿಸು. ನಾಳೆಯಿಂದ ಪಾರ್ಕಿನ ಬೆಂಚನ್ನು ಬಿಟ್ಟು, ಅಲ್ಲಿಯೇ ಇರುವ ಕೇಂದ್ರ ಗ್ರಂಥಾಲಯದ ಒಳಗೆ ಕುಳಿತುಕೋ. ಹೊತ್ತಿಗೆ ಸರಿಯಾಗಿ ಹೋಗು, ಹೊತ್ತಿಗೆ ಸರಿಯಾಗಿ ಏಳು."

ಬರೆಯುವುದರಿಂದಲೂ ಪ್ರಯೋಜನವುಂಟು. ಕೆಲಸ ಕಳೆದುಕೊಂಡ 63 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರ ಫಲ 1994ರಲ್ಲಿ ಪ್ರಕಟವಾಯಿತು. ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ತಮ್ಮ ಸಂಕಟವನ್ನು ಮುಚ್ಚುಮರೆಯಿಲ್ಲದೆ ಬರೆದವರಿಗೆ ಇತರರಿಗಿಂತ ಬೇಗ ಕೆಲಸ ದೊರೆಯಿತು. ಅವರು ಹೆಚ್ಚು ಕಡೆ ಅಲೆದವರೇನೂ ಅಲ್ಲ. ಪ್ರಯೋಗ ಚಿಕ್ಕದು, ಅದರಲ್ಲಿದ್ದವರು ವಯಸ್ಸಿನಲ್ಲಿ ಹಿರಿಯರು. ಆದರೂ ಒಂದು ನೋಟ್‌ಬುಕ್ಕಿನ ಖರ್ಚಿನಲ್ಲಿ ಪರೀಕ್ಷಿಸಿ ನೋಡಬಹುದಾದ ಮಾರ್ಗವಿದು.

ಇನ್ನು ಹೊಸ ಕೆಲಸದ ಸುಳಿವು ಎಲ್ಲಿಂದ ಬರುತ್ತದೆ? ಲಿಂಕ್ಡ್‌ಇನ್ ಬಳಸುವ ಸುಮಾರು ಎರಡು ಕೋಟಿ ಜನರ ಪ್ರಯೋಗವನ್ನು 2022ರಲ್ಲಿ ಪ್ರಕಟಿಸಿದ ವಿಜ್ಞಾನಿಗಳ ಪ್ರಕಾರ, ಆಪ್ತಮಿತ್ರರಿಗಿಂತ ಅಷ್ಟಿಷ್ಟು ಪರಿಚಯವುಳ್ಳವರೇ ಹೆಚ್ಚು ನೆರವಾಗುತ್ತಾರೆ. ಆಪ್ತರಿಗೆ ತಿಳಿದಿರುವುದು ನಮಗೂ ತಿಳಿದಿರುತ್ತದೆಯಷ್ಟೆ. ಆದರೆ ಕೆಲಸ ಹೋದುದನ್ನು ಮುಚ್ಚಿಟ್ಟವನಿಗೆ ಈ ಬಾಗಿಲು ತೆರೆಯುವುದೆಂತು?

ಆ ಹುಡುಗನು ಅಂದು ರಾತ್ರಿಯೇ ತಂದೆಗೆ ಹೇಳಿದನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಮಾಡಿದೆಯಾ?" ಎಂದರಂತೆ. ಏಳು ತಿಂಗಳ ಮೇಲೆ, ಒಮ್ಮೆ ಮಾತ್ರ ಭೇಟಿಯಾಗಿದ್ದ ಹಿರಿಯ ಸಹಪಾಠಿಯೊಬ್ಬನ ಮೂಲಕ ಅವನಿಗೆ ಚಿಕ್ಕ ಸಂಸ್ಥೆಯೊಂದರಲ್ಲಿ, ಮೊದಲಿಗಿಂತ ಕಡಮೆ ಸಂಬಳದ ಕೆಲಸ ದೊರೆಯಿತು. ಇನ್ನೊಮ್ಮೆ ನಲ್ಲಿ ಮುಚ್ಚಲೂಬಹುದು. ಆದರೆ ಆಗ ಅವನು ತನ್ನಲ್ಲಿ ಯಾವ ಕೊರತೆಯೆಂದು ಕೇಳಲಾರನು.