ಸನ್ನತಿಯ ಕಲ್ಲು ಪರದೆಗೆ ಬರುವಾಗ

ಸೇಡಂ, ಚಿತ್ತಾಪುರ ಸೀಮೆಯ ಬಗ್ಗೆ ಜಾಲಪುಟ ಕಟ್ಟುವವರಿಗೆ ಚಿತ್ರಗಳ ಬರವಿಲ್ಲ. ಕಾಗಿಣಾ ದಂಡೆಯ ಮಳಖೇಡದ ಕೋಟೆಯಿದೆ, ಆಡಕಿ ಸುತ್ತಲಿನ ತೊಗರಿ ಹೊಲಗಳಿವೆ, ಶಹಾಬಾದಿನ ಪರಸಿ ಕಲ್ಲಿನ ಗಣಿಗಳಿವೆ, ಭೀಮಾ ದಂಡೆಯಲ್ಲಿ ಸನ್ನತಿಯಿದೆ. ಪುಟ ಸಿದ್ಧಪಡಿಸುವ ಎಡಿಟರ್‌ನಲ್ಲಿ ಚಿತ್ರ ಸೇರಿಸುವುದೂ ಸಲೀಸು: ಫೈಲ್ ಆರಿಸಿ, ಮೂಲೆ ಹಿಡಿದೆಳೆದು ಬೇಕಾದ ಅಳತೆಗೆ ತಂದರಾಯಿತು. ಆದರೆ ಎಷ್ಟೋ ಎಡಿಟರ್‌ಗಳಲ್ಲಿ ಹೀಗೆ ಕುಗ್ಗುವುದು ಕಣ್ಣಿಗೆ ಕಾಣುವ ಅಳತೆ ಮಾತ್ರ. ಫೈಲಿನ ಭಾರ ಇದ್ದಷ್ಟೇ ಇರುತ್ತದೆ. ನೆಟ್‌ವರ್ಕ್ ನೆಟ್ಟಗಿಲ್ಲದ ಊರಿನಲ್ಲಿ ಪುಟ ತೆರೆದವರು ಅಷ್ಟನ್ನೂ ಇಳಿಸಿಕೊಳ್ಳಬೇಕು.

ಲೆಕ್ಕ ಹಾಕಿ ನೋಡೋಣ. 12 ಮೆಗಾಪಿಕ್ಸೆಲ್ ಕ್ಯಾಮೆರಾ 4000 × 3000, ಅಂದರೆ 1.2 ಕೋಟಿ ಚುಕ್ಕಿಗಳನ್ನು ಹಿಡಿಯುತ್ತದೆ. ಲೇಖನದ ನಡುವಿನ ಚಿತ್ರಕ್ಕೆ 1200 ಚುಕ್ಕಿ ಅಗಲ ಧಾರಾಳ ಸಾಕು. ಆಗ ಒಟ್ಟು ಚುಕ್ಕಿಗಳು 10.8 ಲಕ್ಷ, ಮೂಲದ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಕಳಿಸುವ ಮೊದಲೇ ಈ ಅಳತೆಗೆ ಇಳಿಸುವುದು ಓದುಗರಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ.

ಉಳಿದ ಭಾರವನ್ನು ಚಿತ್ರ ಅಡಕಗೊಳಿಸುವ ಜೆಪೆಗ್ ವಿಧಾನ ನೋಡಿಕೊಳ್ಳುತ್ತದೆ. ಅದು ಚಿತ್ರವನ್ನು 8 × 8 ಚುಕ್ಕಿಗಳ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದ 64 ಬೆಲೆಗಳನ್ನು ಬೇರೆ 64 ಸಂಖ್ಯೆಗಳಾಗಿ ಬದಲಿಸುತ್ತದೆ: ಮೊದಲನೆಯದು ಚೌಕದ ಸರಾಸರಿ ಬೆಳಕು, ಮುಂದಿನವು ನಿಧಾನದ ಏರಿಳಿತದಿಂದ ತೀರಾ ಸೂಕ್ಷ್ಮ ಏರಿಳಿತದವರೆಗೆ. ಸೂಕ್ಷ್ಮವಾದವುಗಳಲ್ಲಿ ಹೆಚ್ಚಿನವು ಸೊನ್ನೆಗೆ ಹತ್ತಿರ. ಅವನ್ನು ಸೊನ್ನೆಯೆಂದೇ ಎಣಿಸಿ ಕೈಬಿಟ್ಟರೆ ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಈ ಗಣಿತದ ಹಿಂದೆ ಕರ್ನಾಟಕದವರೊಬ್ಬರಿದ್ದಾರೆ. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಎಂಜಿನಿಯರಿಂಗ್ ಓದಿದ್ದೂ ಅಲ್ಲೇ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಪಾಠ ಹೇಳುತ್ತಿದ್ದಾಗ, 1972ರಲ್ಲಿ, ಈ ಯೋಚನೆಯ ಬೆನ್ನು ಹತ್ತಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವನ್ನು ಧನಸಹಾಯ ಕೇಳಿದರು. ಸಿಗಲಿಲ್ಲ. ಅವರು ಬಿಡಲೂ ಇಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಬರೆದ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು. 1992ರ ಜೆಪೆಗ್ ಮಾನಕ ನಿಂತಿರುವುದು ಅದರ ಮೇಲೆ. ನಮ್ಮ ಶಾಲೆಯ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕಿತ್ತು.

ಸನ್ನತಿ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಸಿಕ್ಕ ಒಂದು ಶಿಲಾಫಲಕ ಈ ವಿಧಾನದ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಬಲ್ಲದು. ಅದರಲ್ಲಿ ಅಶೋಕನ ಉಬ್ಬುಚಿತ್ರವಿದೆ, ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂಬ ಬರಹವಿದೆ. ನಯವಾದ ಸುಣ್ಣಕಲ್ಲಿನ ಮೈಯಲ್ಲಿ ನೆರಳು ಮೆಲ್ಲಗೆ ಬದಲಾಗುವುದರಿಂದ ಆ ಭಾಗ ಚೆನ್ನಾಗಿ ಅಡಕವಾಗುತ್ತದೆ. ಕೊರೆದ ಅಕ್ಷರದ ಅಂಚು ಹಾಗಲ್ಲ. ಅಲ್ಲಿ ಬೆಳಕು ಥಟ್ಟನೆ ಕತ್ತಲಾಗುತ್ತದೆ, ಸೂಕ್ಷ್ಮ ಏರಿಳಿತದ ಸಂಖ್ಯೆಗಳೂ ಬೇಕಾಗುತ್ತವೆ. ಗುಣಮಟ್ಟವನ್ನು ತೀರಾ ಇಳಿಸಿದರೆ ಅಕ್ಷರಗಳ ಸುತ್ತ ಮಸುಕು ಅಲೆಗಳೇಳುತ್ತವೆ. ಶಾಸನದ ಕಪ್ಪು-ಬಿಳುಪು ರೇಖಾಪ್ರತಿಯಾದರೆ ಏನನ್ನೂ ಕಳೆಯದ ಪಿಎನ್‌ಜಿಯಲ್ಲಿ ಉಳಿಸುವುದೇ ಸರಿ.

ಜೆಪೆಗ್ ಒಮ್ಮೆ ಬಿಟ್ಟದ್ದು ಮರಳಿ ಬರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದು ಅದಾಗಲೇ ಇನ್ನೊಂದು ಸಲ ಹಿಂಡಿದ್ದು. ಆದ್ದರಿಂದ ತೆಗೆದವರಿಂದ ಮೂಲಪ್ರತಿಯನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಂಡು, ಕುಗ್ಗಿಸುವ ಕೆಲಸವನ್ನು ಒಂದೇ ಸಲ ನಾವೇ ಮಾಡಬೇಕು.

ಎಡಿಟರ್‌ನಲ್ಲಿ ಪರ್ಯಾಯ ಪಠ್ಯದ ಖಾನೆಯೂ ಇರುತ್ತದೆ. ಬಹುತೇಕರು ಅದನ್ನು ಖಾಲಿ ಬಿಡುತ್ತಾರೆ. ಕಣ್ಣು ಕಾಣದವರ ಫೋನು ಗಟ್ಟಿಯಾಗಿ ಓದುವುದು ಅದನ್ನೇ. ಚಿತ್ರ ಇಳಿಯದೆ ಹೋದಾಗ ಎಲ್ಲರಿಗೂ ಕಾಣುವುದೂ ಅದೇ. ‘ಫೋಟೊ 1’ ಎಂದರೆ ಅವರಿಗೇನೂ ದಕ್ಕದು. ‘ಕನಗನಹಳ್ಳಿ ಸ್ತೂಪದ ಶಿಲಾಫಲಕ: ಪರಿವಾರದ ನಡುವೆ ನಿಂತ ಅಶೋಕ, ಜೊತೆಗೆ ಬ್ರಾಹ್ಮಿಯಲ್ಲಿ ಅವನ ಹೆಸರು’ ಎಂದು ಕನ್ನಡದಲ್ಲೇ ಬರೆದರೆ ಫೋನು ಅದನ್ನು ಕನ್ನಡದಲ್ಲೇ ಓದಿ ಹೇಳುತ್ತದೆ.