ಕಾಂಗ್ರೆಸ್ ಕಳೆಯ ಪರಾಗ ಮತ್ತು ಮನೆಮದ್ದಿನ ಕಷಾಯ

ಮುಂಗಾರು ಮಳೆ ನಿಂತು ಬಿಸಿಲು ಬಿದ್ದ ಕೆಲವು ದಿನಗಳಲ್ಲಿ ಹೊಲದ ಬದು, ರಸ್ತೆಯ ಅಂಚು, ಕಣದ ಸುತ್ತಮುತ್ತ ಎಲ್ಲೆಲ್ಲೂ ಬಿಳಿ ಹೂವಿನ ಪಾರ್ಥೇನಿಯಂ ಕಾಣಿಸಿಕೊಳ್ಳುತ್ತದೆ. ಅದೇ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಬೆಳಗಿನ ಜಾವದ ಸೀನು, ಮೂಗು ಸೋರುವುದು, ಕಣ್ಣು ತುರಿಕೆ ಶುರುವಾಗುತ್ತದೆ. ನೆಗಡಿ ಎಂದು ತಿಳಿದು ಕಷಾಯ ಕಾಯಿಸುವುದು ವಾಡಿಕೆ. ಆದರೆ ನೆಗಡಿ ಒಂದು ವಾರದಲ್ಲಿ ಇಳಿಯಬೇಕು. ಜ್ವರವಿಲ್ಲದೆ ತಿಂಗಳುಗಟ್ಟಲೆ ಉಳಿದು, ಹೊಲಕ್ಕೆ ಹೋದಾಗ ಹೆಚ್ಚಾಗಿ, ಪರಊರಿಗೆ ಹೋದಾಗ ಕಡಿಮೆಯಾದರೆ ಅದನ್ನು ಪರಾಗದ ಅಲರ್ಜಿ ಎಂದೇ ಶಂಕಿಸಬೇಕು.

ರೈತರು ಕಾಂಗ್ರೆಸ್ ಕಳೆ ಎಂದು ಕರೆಯುವ ಈ ಗಿಡ ಅಮೆರಿಕ ಖಂಡದ್ದು. ನಮ್ಮ ದೇಶದಲ್ಲಿ ಇದರ ಹಾವಳಿ 1955ರಲ್ಲಿ ಪುಣೆಯಲ್ಲಿ ಗಮನಕ್ಕೆ ಬಂತು. ಅಲ್ಲಿಂದ ಹಬ್ಬಿದ ವೇಗ ಎಷ್ಟೆಂದರೆ, ಇಪ್ಪತ್ತೇ ವರ್ಷಗಳಲ್ಲಿ, ಅಂದರೆ 1975ರಲ್ಲಿ, ಕರ್ನಾಟಕ ಸರಕಾರ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಬೇಕಾಯಿತು. ಒಂದು ಗಿಡ ಹದಿನೈದು ಸಾವಿರಕ್ಕೂ ಹೆಚ್ಚು ಬೀಜ ಕೊಡಬಲ್ಲದು. ತೇವವಿದ್ದರೆ ಮೊಳೆತ ಸುಮಾರು ಒಂದು ತಿಂಗಳಿಗೇ ಹೂ ಬಿಡುತ್ತದೆ. ಘೋಷಣೆಯಿಂದ ಕಳೆ ಹೋಗಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಒಂದು ಗಿಡ, ಎರಡು ಕಾಯಿಲೆ

ಈ ಕಳೆಯಿಂದ ಬರುವ ತೊಂದರೆಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಪರಾಗದಿಂದ ಬರುವುದು. ಗಾಳಿಯಲ್ಲಿ ತೇಲಿಬಂದ ಪರಾಗ ಮೂಗಿನೊಳಗೆ ಸೇರಿದಾಗ, ಅದರಲ್ಲಿರುವ ಪ್ರೋಟೀನುಗಳನ್ನು ಶರೀರ ಶತ್ರುವೆಂದು ತಪ್ಪಾಗಿ ಎಣಿಸಿ ಹೋರಾಟಕ್ಕೆ ಇಳಿಯುತ್ತದೆ. ನಿಮಿಷಗಳಲ್ಲೇ ಸೀನು ಬರುತ್ತದೆ. ಕೆಲವರಿಗೆ ಉಬ್ಬಸವೂ ಏಳುತ್ತದೆ. ಎರಡನೆಯದು ಚರ್ಮದ ಉರಿತ. ಗಿಡದ ಮೇಲಿನ ಸೂಕ್ಷ್ಮ ರೋಮಗಳಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಇದಕ್ಕೆ ಕಾರಣ. ಇದು ತಕ್ಷಣ ಕಾಣಿಸದು. ಒಂದೆರಡು ದಿನಗಳ ಮೇಲೆ ಕುತ್ತಿಗೆ, ಕಣ್ಣಿನ ರೆಪ್ಪೆ, ಮೊಣಕೈ ಮಡಿಕೆಗಳಲ್ಲಿ ತುರಿಕೆ ಎದ್ದು ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ವರ್ಷಗಟ್ಟಲೆ ಕಳೆ ಕಿತ್ತವರಿಗೆ ಒಂದು ದಿನ ಇದ್ದಕ್ಕಿದ್ದಂತೆ ಹತ್ತಿಕೊಳ್ಳುವುದೂ ಉಂಟು. ಆದ್ದರಿಂದ "ಇಷ್ಟು ದಿನ ಏನೂ ಆಗಿಲ್ಲ" ಎಂಬ ಧೈರ್ಯಕ್ಕೆ ಆಧಾರವಿಲ್ಲ. ಒಣಗಿದ ಗಿಡದ ಪುಡಿಯೂ ಧೂಳಿನೊಡನೆ ಹಾರಿ ಇದೇ ಕೆಲಸ ಮಾಡುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಬೆಂಗಳೂರಿನಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಶೇಕಡ 7ರಷ್ಟು ಜನರಿಗೆ ಈ ಪರಾಗದಿಂದಲೇ ಮೂಗಿನ ಅಲರ್ಜಿ ಇರುವುದು ಕಂಡುಬಂತು. ನಗರದಲ್ಲೇ ಹೀಗಿದ್ದ ಮೇಲೆ ಕಳೆಯ ನಡುವೆಯೇ ದುಡಿಯುವವರ ಪಾಡನ್ನು ಊಹಿಸಬಹುದು. ಈ ಪರಾಗ ಮನುಷ್ಯನನ್ನು ಮಾತ್ರ ಕಾಡುವುದಿಲ್ಲ. ಕಾಂಚನ್ ಮತ್ತು ಜಯಚಂದ್ರ ಎಂಬ ಸಂಶೋಧಕರು 1980ರಲ್ಲಿ ಪ್ರಕಟಿಸಿದಂತೆ, ಇದು ಟೊಮೇಟೊ, ಬದನೆ, ಹುರುಳಿಕಾಯಿಯಂಥ ಬೆಳೆಗಳ ಹೂವಿನ ಶಲಾಕಾಗ್ರದ ಮೇಲೆ ಬಿದ್ದರೆ ಕಾಯಿ ಕಚ್ಚುವುದೇ ಕುಗ್ಗುತ್ತದೆ. ತರಕಾರಿ ತಾಕಿನ ಸುತ್ತ ಈ ಕಳೆ ಬಿಡಬಾರದೆನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಗಿಡಮೂಲಿಕೆಯಾದರೆ ಅಪಾಯವಿಲ್ಲವೇ?

ಅಲರ್ಜಿಗೆ ಮಾತ್ರೆ ನುಂಗುವುದಕ್ಕಿಂತ ಬೇರು, ಎಲೆಗಳ ಕಷಾಯ ಮೇಲು ಎಂಬ ನಂಬಿಕೆ ಬಲವಾಗಿದೆ. ಶುಂಠಿ, ಮೆಣಸು, ತುಳಸಿಯ ಕಷಾಯವನ್ನು ಅಡಿಗೆಯ ಪ್ರಮಾಣದಲ್ಲಿ ಕುಡಿದರೆ ಆಕ್ಷೇಪವೇನೂ ಇಲ್ಲ. ಗಂಟಲಿಗೆ ಹಿತ, ಅಷ್ಟೇ. ಅಲರ್ಜಿಯನ್ನು ಬುಡದಿಂದ ತೆಗೆಯುವುದೆಂದು ತಿಳಿಯಬಾರದು. ತೊಂದರೆ ಬರುವುದು ಅದನ್ನು ದಾಟಿ ಮುಂದೆ ಹೋದಾಗ.

ಪಾರ್ಥೇನಿಯಂ ಸೂರ್ಯಕಾಂತಿ ಕುಟುಂಬದ ಗಿಡ. ಸೇವಂತಿಗೆ, ಚೆಂಡುಹೂ, ಕುಸುಬೆ, ಹುಚ್ಚೆಳ್ಳು, ಮದ್ದಿಗೆ ಬಳಸುವ ಗರುಗ ಇವೆಲ್ಲ ಅದರ ದಾಯಾದಿಗಳು. ಒಂದನ್ನು ಒಗ್ಗದ ಶರೀರ ಕೆಲವೊಮ್ಮೆ ಮತ್ತೊಂದನ್ನೂ ಒಲ್ಲೆನ್ನುತ್ತದೆ. ಪಾರ್ಥೇನಿಯಂ ಮತ್ತು ಅಮೆರಿಕದ ರ‍್ಯಾಗ್‌ವೀಡ್ ಪರಾಗಗಳ ನಡುವೆ ಇಂಥ ನಂಟಿರುವುದು ಪ್ರಯೋಗಗಳಿಂದ ತಿಳಿದಿದೆ. ಪಾರ್ಥೇನಿಯಂನಿಂದ ಚರ್ಮ ಕೆಟ್ಟವರಿಗೆ ಸೇವಂತಿಗೆ ಕೊಯ್ಯುವಾಗ ತುರಿಕೆ ಏಳುವುದನ್ನು ಚರ್ಮವೈದ್ಯರು ಕಂಡಿದ್ದಾರೆ. ಒಂದೇ ಕುಟುಂಬವೆಂದ ಮಾತ್ರಕ್ಕೆ ಎಲ್ಲವೂ ಎಲ್ಲರಿಗೂ ತಾಗುವುದೆಂದಲ್ಲ. ಆದರೆ ಈ ಕಳೆ ಒಗ್ಗದವರು ಇದೇ ಕುಟುಂಬದ ಗಿಡದ ರಸವನ್ನು ಕುಡಿಯುವ, ಮೈಗೆ ಹಚ್ಚುವ ಪ್ರಯೋಗಕ್ಕೆ ಇಳಿಯಬಾರದು. ಪೇಟೆಯಲ್ಲಿ ಸಿಗುವ ಕ್ಯಾಮೊಮೈಲ್ ಚಹಾ, ಎಕಿನೇಶಿಯಾ ಮಾತ್ರೆಗಳೂ ಈ ಕುಟುಂಬದವೇ. ಪರಾಗದ ಅಲರ್ಜಿ ಇದ್ದವರಲ್ಲಿ ಇವು ಉಸಿರು ಕಟ್ಟಿಸಿದ ಪ್ರಸಂಗಗಳು ವಿದೇಶಗಳಲ್ಲಿ ದಾಖಲಾಗಿವೆ.

ಯೂರೋಪಿನ ಬಟರ್‌ಬರ್ ಗಿಡದ ಕತೆ ಇನ್ನೊಂದು ಪಾಠ. ಇದರ ಸಾರ ಪರಾಗದ ಅಲರ್ಜಿಯಲ್ಲಿ ಸೆಟಿರಿಜಿನ್ ಮಾತ್ರೆಗೆ ಸಮನಾಗಿ ಕೆಲಸ ಮಾಡಿತೆಂದು 2002ರಲ್ಲಿ ವರದಿಯಾಯಿತು. ಅಂದರೆ ಗುಣವಿಲ್ಲದ ಗಿಡವೇನಲ್ಲ. ಆದರೆ ಅದರಲ್ಲಿ ಸಹಜವಾಗಿಯೇ ಯಕೃತ್ತನ್ನು ಕೆಡಿಸುವ ಪೈರೊಲಿಜಿಡಿನ್ ಎಂಬ ಕ್ಷಾರವಸ್ತುಗಳಿವೆ. ಶುದ್ಧೀಕರಿಸಿದ ಸಾರ ಬಳಸಿದವರಲ್ಲೂ ಯಕೃತ್ತಿನ ತೊಂದರೆ ವರದಿಯಾದ ಮೇಲೆ ಬ್ರಿಟನ್ನಿನಲ್ಲಿ 2012ರಲ್ಲಿ ಅದನ್ನು ಮಾರಾಟದಿಂದ ತೆಗೆಯಲು ಹೇಳಲಾಯಿತು. ಇದೇ ಜಾತಿಯ ವಿಷ ನಮ್ಮಲ್ಲೂ ಸಾವು ತಂದಿದೆ: 1970ರ ದಶಕದ ನಡುವಿನಲ್ಲಿ ಆಗಿನ ಮಧ್ಯಪ್ರದೇಶದ ಸರ್ಗುಜಾ ಜಿಲ್ಲೆಯಲ್ಲಿ, ಅಪ್ಸೆಣಬಿನ ಬಳಗದ ಕಾಡು ಗಿಡವೊಂದರ ಬೀಜ ಕಿರುಧಾನ್ಯದಲ್ಲಿ ಬೆರೆತು, ಉಂಡವರ ಹೊಟ್ಟೆಯಲ್ಲಿ ನೀರು ತುಂಬಿ ಹಲವರು ತೀರಿಕೊಂಡರು.

ನಮ್ಮ ಹಿತ್ತಲಿನ ಮದ್ದುಗಳಿಗೂ ಮಿತಿಯುಂಟು. ಆಡುಸೋಗೆ ಕೆಮ್ಮಿಗೆ ಹೆಸರಾದದ್ದು. ಅದರಲ್ಲಿರುವ ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸಬಲ್ಲದಾದ್ದರಿಂದ ಗರ್ಭಿಣಿಯರಿಗೆ ಕೂಡದು. ಜ್ಯೇಷ್ಠಮಧುವನ್ನು ಬಹುದಿನ ಸೇವಿಸಿದರೆ ರಕ್ತದೊತ್ತಡ ಏರುತ್ತದೆ. ಉಬ್ಬಸಕ್ಕೆ ಉಮ್ಮತ್ತಿಯ ಎಲೆ ಸುಟ್ಟು ಹೊಗೆ ಸೇದುವ ಹಳೆಯ ಪದ್ಧತಿಯನ್ನಂತೂ ಪೂರ್ತಿ ಬಿಡಬೇಕು. ಅಮೃತಬಳ್ಳಿಯನ್ನು ದಿನವೂ ಸೇವಿಸಿದ ಕೆಲವರಲ್ಲಿ ಯಕೃತ್ತಿನ ಉರಿಯೂತ ಕಂಡುದಾಗಿ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಹೇಗೇ ಇರಲಿ, ಅಲರ್ಜಿಗೆ "ರೋಗನಿರೋಧಕ ಶಕ್ತಿ ಹೆಚ್ಚಿಸುವ" ಮದ್ದು ಹುಡುಕುವುದರಲ್ಲೇ ಎಡವಟ್ಟಿದೆ. ಇಲ್ಲಿ ಆ ಶಕ್ತಿ ಕಡಿಮೆಯಾಗಿಲ್ಲ, ಅದು ಅನವಶ್ಯಕವಾಗಿ ಕೆರಳಿದೆ. ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗಳಿಂದ ಎರಡೇ ದಿನದಲ್ಲಿ ಉಬ್ಬಸ ಮಾಯವಾದರೆ ಸಂತೋಷಪಡುವ ಬದಲು ಅನುಮಾನಪಡಬೇಕು. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾದದ್ದುಂಟು.

ಬೆಳೆಗೆ ಸಿಂಪಡಿಸುವ ಎಲೆಗಳ ಕಷಾಯದ ಮಾತೂ ಇದೇ. ಕೈಗೆ ಸಿಕ್ಕುವುದೆಂದು ಅದಕ್ಕೆ ಕಾಂಗ್ರೆಸ್ ಕಳೆ ಸೇರಿಸಿದರೆ ಜಜ್ಜುವವರ ಕೈಗೂ ಸಿಂಪಡಿಸುವವರ ಮುಖಕ್ಕೂ ಪಾರ್ಥೆನಿನ್ ತಾಗುತ್ತದೆ. ಬೇವು ಸಾಕಷ್ಟಿರುವ ನಾಡಿನಲ್ಲಿ ಈ ಕಳೆಯ ಅಗತ್ಯವೇ ಇಲ್ಲ.

ಅಲರ್ಜಿ ಇದ್ದವರು ಹೊಲದಿಂದ ಬಂದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ವೈದ್ಯರ ಬಳಿಗೆ ಹೋಗುವಾಗ ಕುಡಿಯುತ್ತಿರುವ ಕಷಾಯ, ಪುಡಿಗಳ ಹೆಸರನ್ನೂ ತಿಳಿಸಬೇಕು. ತುಟಿ, ನಾಲಿಗೆ ಊದಿಕೊಂಡರೆ ಅಥವಾ ಉಸಿರು ಸಿಕ್ಕಿಕೊಂಡರೆ ಯಾವ ಮನೆಮದ್ದಿಗೂ ಕಾಯದೆ ಆಸ್ಪತ್ರೆ ಸೇರಬೇಕು.

ಕಳೆಯನ್ನು ನಂಬಿಕೆಯಿಂದ ಹತೋಟಿಗೆ ತರುವ ಕಾಲ ಹೂ ಬಿಡುವ ಮುಂಚೆಯೇ. ಮಳೆ ಬಂದು ನೆಲ ಹಸಿಯಾಗಿದ್ದಾಗ ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಬೇರುಸಹಿತ ಕೀಳಬೇಕು. ಅಲರ್ಜಿ ಇರುವವರನ್ನು ಈ ಕೆಲಸಕ್ಕೆ ಹಚ್ಚಬಾರದು. ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಜೈಗೋಗ್ರಾಮ ದುಂಬಿ ಮಳೆಗಾಲದಲ್ಲಿ ಇದರ ಎಲೆಗಳನ್ನು ಬೋಳಿಸುತ್ತದೆ. ದುಂಬಿ ಕಂಡ ಕಡೆ ಕಳೆನಾಶಕ ಹೊಡೆಯದಿರುವುದು ಲೇಸು. ಬೀಳು ಜಾಗದಲ್ಲಿ ತಗಚೆ ಜಾತಿಯ ಗಿಡ ಹಬ್ಬಿಸಿದರೆ ಅದು ಈ ಕಳೆಯನ್ನು ಅದುಮಿ ಬೆಳೆಯುತ್ತದೆ. ಹೂ ಬಿಡದ ಗಿಡವನ್ನು ಕಾಂಪೋಸ್ಟ್ ಗುಂಡಿಗೆ ಹಾಕಬಹುದು. ಹೂ ಬಿಟ್ಟದ್ದನ್ನು ಕಿತ್ತು ಬದುವಿನ ಮೇಲೆ ಬಿಟ್ಟರೆ ಬೀಜ ಅಲ್ಲೇ ಬಲಿತು ಉದುರುತ್ತದೆ.