ಆ ಬೀದಿಯಲ್ಲಿ ಗೆರೆಗಳು ಸೇರೋದಿಲ್ಲ

ಖಾಲಿ ಬೀದಿ. ಚಿಕ್ಕಂದಿನಲ್ಲಿ ನಾವು ಸೈಕಲ್ ಟಯರ್ ಓಡಿಸ್ತಿದ್ದ ಹಾಗೆ ಒಬ್ಬ ಹುಡುಗಿ ಚಕ್ರ ಉರುಳಿಸಿಕೊಂಡು ಓಡ್ತಿದ್ದಾಳೆ. ಎಡಗಡೆ ಬಿಸಿಲಲ್ಲಿ ಬೆಳ್ಳಗೆ ಹೊಳೆಯುವ ಕಮಾನುಗಳ ಸಾಲು, ಬಲಗಡೆ ಕತ್ತಲೆಯಲ್ಲಿ ಮುಳುಗಿದ ಕಟ್ಟಡ. ಅದರ ಹಿಂದಿನಿಂದ ಒಂದು ಉದ್ದನೆಯ ನೆರಳು ಬೀದಿಗೆ ಚಾಚಿದೆ. ಮನುಷ್ಯನದೋ ಪ್ರತಿಮೆಯದೋ ಗೊತ್ತಾಗಲ್ಲ. ಹುಡುಗಿ ಓಡ್ತಿರೋದು ಅದರ ಕಡೆಗೇ.

ಇದು ಜಾರ್ಜಿಯೊ ಡಿ ಕಿರಿಕೊ 1914ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ 'ಒಂದು ಬೀದಿಯ ನಿಗೂಢತೆ ಮತ್ತು ವಿಷಾದ'. ರಕ್ತವಿಲ್ಲ, ದೆವ್ವವಿಲ್ಲ. ಆದರೂ ನೋಡಿದ್ರೆ ಕೆಟ್ಟ ಕನಸಿನ ಹಾಗೆ ಎದೆ ಭಾರವಾಗುತ್ತೆ. ಯಾಕೆ?

ಸ್ಕೇಲ್ ಇಟ್ಟು ನೋಡಿದರೆ ಅರ್ಧ ಉತ್ತರ ಸಿಗುತ್ತೆ. ರೈಲು ಹಳಿಗಳು ದೂರದಲ್ಲಿ ಒಂದಾದಂತೆ ಕಾಣುತ್ತವಲ್ಲ, ಆ ಜಾಗವೇ ವ್ಯಾನಿಶಿಂಗ್ ಪಾಯಿಂಟ್. ಒಂದೇ ಬೀದಿಯ ಎರಡು ಬದಿಯ ಸಮಾನಾಂತರ ಗೆರೆಗಳೂ ಅಂಥ ಒಂದೇ ಬಿಂದುವಿಗೆ ಹೋಗಬೇಕು. ಇಲ್ಲಿ ಹಾಗಾಗಲ್ಲ. ಎಡಗಡೆಯ ಗೆರೆಗಳು ಮೇಲೆ ಸೇರುತ್ತವೆ, ಬಲಗಡೆಯವು ತುಂಬಾ ಕೆಳಗೆ. ಕಲೆಯ ಮನಶ್ಶಾಸ್ತ್ರಜ್ಞ ರುಡಾಲ್ಫ್ ಆರ್ನ್‌ಹೈಮ್ ಇದನ್ನು ಬಿಡಿಸಿ ಹೇಳಿದ್ದಾರೆ: ಎಡಗಡೆಯನ್ನು ನಂಬಿದರೆ ಬಲಗಡೆಯ ಕಟ್ಟಡ ನೆಲಕ್ಕೆ ಇಳಿದುಹೋಗುತ್ತೆ, ಬಲಗಡೆಯನ್ನು ನಂಬಿದರೆ ಬೀದಿಯೇ ಸುಳ್ಳಾಗಿ ಹುಡುಗಿ ಶೂನ್ಯಕ್ಕೆ ಓಡ್ತಿರೋ ಹಾಗಾಗುತ್ತೆ. ಇನ್ನು ಬಾಗಿಲು ತೆರೆದು ನಿಂತಿರುವ ಆ ಖಾಲಿ ಗಾಡಿ ಇವೆರಡಕ್ಕೂ ಸೇರಿದ್ದಲ್ಲ. ಅದು ನಾವು ಹಾಕಿ ಹಾಕಿ ಸಾಕಾಗಿರೋ ಐಸೊಮೆಟ್ರಿಕ್! ಒಂದೊಂದು ವಸ್ತುವೂ ಬೇರೆ ಬೇರೆ ಜಗತ್ತಿನಲ್ಲಿದೆ. ಕಣ್ಣಿಗೆ ತಪ್ಪು ತಕ್ಷಣ ಕಾಣಲ್ಲ, ತಳಮಳ ಮಾತ್ರ ಉಳಿಯುತ್ತೆ.

ಡ್ರಾಯಿಂಗ್ ಬಾರದೆ ಆದ ತಪ್ಪು ಅನ್ನೋ ಹಾಗಿಲ್ಲ. ಆತ ಅಥೆನ್ಸ್‌ನಲ್ಲೂ ಮ್ಯೂನಿಕ್‌ನಲ್ಲೂ ಕಲೆ ಕಲಿತವನು. ಹುಟ್ಟಿದ್ದು 1888ರಲ್ಲಿ, ಗ್ರೀಸ್‌ನ ವೋಲೋಸ್‌ನಲ್ಲಿ. ಅಪ್ಪ ಇಟಲಿ ಮೂಲದ ರೈಲ್ವೆ ಎಂಜಿನಿಯರ್. (ನಮಗೆ ಖುಷಿ ಕೊಟ್ಟ ವಿಷಯ ಇದು.) ಮಗ ಹದಿಹರೆಯದಲ್ಲಿದ್ದಾಗಲೇ ಅಪ್ಪ ತೀರಿಕೊಂಡರು. ಆತನ ಎಷ್ಟೋ ಚಿತ್ರಗಳಲ್ಲಿ ದೂರದಲ್ಲಿ ಹೊಗೆ ಬಿಡುವ ರೈಲು ಹಾದುಹೋಗುತ್ತೆ. ಅಪ್ಪನ ನೆನಪೇ ಇರಬೇಕು ಅಂತ ನಮಗನಿಸುತ್ತೆ.

ಮುಂದೆ ಸರ್ರಿಯಲಿಸ್ಟರು ಈ ಚಿತ್ರಗಳನ್ನು ತಲೆ ಮೇಲೆ ಹೊತ್ತರು. ಆತ ಮಾತ್ರ ಈ ಶೈಲಿ ಬಿಟ್ಟು ಹಳೇ ಗುರುಗಳ ದಾರಿ ಹಿಡಿದ. ಬೈಗುಳ ತಿಂದ. ಆಮೇಲೆ ತನ್ನ ಹಳೇ ಚಿತ್ರಗಳನ್ನೇ ಮತ್ತೆ ಬರೆದು ಹಿಂದಿನ ಇಸವಿ ಹಾಕಿದ್ದೂ ಉಂಟು. ಹಾಗಾಗಿ ಡಿ ಕಿರಿಕೊ ಚಿತ್ರದ ಮೂಲೆಯಲ್ಲಿ ಇಸವಿ ಕಂಡರೆ ಕೂಡಲೇ ನಂಬಬೇಡಿ.